ಸಹಾಯ ಬೇಕು: ತುಮಕೂರು ಚಿಕ್ಕಪೇಟೆಯ ಹಳೇ ಮನೆಗಳು ಬೆಂಕಿಗೆ ಎಷ್ಟು ಭದ್ರ?

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರಿನ ಚಿಕ್ಕಪೇಟೆ. ಓಣಿಯ ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಕೊಂಡಿವೆ, ಕೆಲವಕ್ಕೆ ಇನ್ನೂ ಮರದ ತೊಲೆ, ಮರದ ಅಟ್ಟ. ಬೆಂಕಿ ಬಿದ್ದರೆ ನಮ್ಮ ಬೀದಿ ಎಷ್ಟು ತಡೆದುಕೊಳ್ಳುತ್ತದೆ ಅಂತ ಮನೆಮನೆಗೂ ಹೋಗಿ ನೋಡಿ ಬರೆದಿಡಲು ನಾವು ಕೆಲವರು ಹೊರಟಿದ್ದೇವೆ. ಏನೇನು ನೋಡಬೇಕು ಅನ್ನೋದೇ ಪ್ರಶ್ನೆ.

ಗ್ಯಾಸ್ ಪೈಪಿನ ಮೇಲಿನ ಐಎಸ್‌ಐ ಗುರುತು, ತಾರೀಖು ನೋಡುವುದು ಸುಲಭ. 5 ವರ್ಷಕ್ಕೊಮ್ಮೆ ಬದಲಿಸಬೇಕು ಅಂತ ಗೊತ್ತಿದ್ದರೂ ಬದಲಿಸೋರು ಕಮ್ಮಿ. ತಲೆನೋವು ವೈರಿಂಗಿನದು. ಒಂದು ಮನೆಯಲ್ಲಿ ಫ್ಯೂಸಿಗೆ ತಂತಿಯನ್ನು ಮೂರು ಸುತ್ತು ಸುತ್ತಿದ್ದರು, ಪದೇ ಪದೇ ಹೋಗಬಾರದು ಅಂತ! ಫ್ಯೂಸ್ ಹೋಗದಿದ್ದರೆ ಗೋಡೆಯೊಳಗಿನ ವೈರೇ ಬಿಸಿಯಾಗೋದು ಅಲ್ವಾ? ಅದೇ ಮನೆಯ ಮೆಟ್ಟಿಲ ಕೆಳಗೆ ರಾತ್ರಿಯೆಲ್ಲ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ಹಾಕಿರುತ್ತಾರೆ. ಮಹಡಿಯವರಿಗೆ ಇಳಿಯೋಕೆ ಬೇರೆ ದಾರಿಯೇ ಇಲ್ಲ.

ಅಗ್ನಿಶಾಮಕ ವಾಹನ ಸುಮಾರು ಎರಡೂವರೆ ಮೀಟರ್ ಅಗಲ. ನಮ್ಮ ಓಣಿಯಲ್ಲಿ ಎರಡು ಬೈಕ್ ನಿಂತರೆ ಆಟೋನೇ ನುಗ್ಗಲ್ಲ.

ಇಂಥ ಪರಿಶೀಲನೆ ಮಾಡಿದವರು ಯಾರಾದರೂ ಇದ್ದರೆ ನೀವು ಬಳಸಿದ ಫಾರಂ ಕಳಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರು ಒಂದು ಭಾನುವಾರ ಬಂದರೆ ದೊಡ್ಡ ಉಪಕಾರ, ಊಟ ನಮ್ಮ ಕಡೆಯಿಂದ. ಅಗ್ನಿಶಾಮಕ ಠಾಣೆಯವರನ್ನು ಅಣಕು ಪ್ರದರ್ಶನಕ್ಕೆ ಕರೆಸಲು ಅರ್ಜಿ ಹೇಗೆ ಬರೆಯಬೇಕು ಅಂತಲೂ ತಿಳಿಸಿ. ಸುಮ್ನೆ ‘ಬೆಂಕಿ ಆರಿಸೋ ಸಿಲಿಂಡರ್ ತಂದು ತೂಗುಹಾಕಿ’ ಅಂತ ಮಾತ್ರ ಹೇಳಬೇಡಿ. ಅದನ್ನು ಬಳಸೋಕೆ ಬರುವವರು ಬೀದಿಯಲ್ಲಿ ಒಬ್ಬರೂ ಇಲ್ಲ.