ಮದುವೆ ವಿಡಿಯೊಗೆ ಯಾವ ಖಾಲಿ ಡಿವಿಡಿ ನಂಬಬಹುದು?

ಪ್ರಶ್ನೆ (ದಾವಣಗೆರೆ): ಸಾರ್, ನಮ್ಮದು ಚಿಕ್ಕ ಸ್ಟುಡಿಯೊ. ಪೆನ್‌ಡ್ರೈವ್ ಕೊಟ್ಟರೂ ಹಳ್ಳಿ ಕಡೆಯವರು ಡಿವಿಡಿನೂ ಬೇಕು ಅಂತಾರೆ. ಕೆಲವು ವರ್ಷದ ಹಿಂದೆ ಕೊಟ್ಟ ಡಿಸ್ಕ್‌ಗಳು ಈಗ ವಾಪಸ್ ಬರುತ್ತಿವೆ. ಧಾರೆ ತನಕ ಚೆನ್ನಾಗಿ ಓಡುತ್ತದೆ, ಹೆಣ್ಣು ಒಪ್ಪಿಸುವ ಹೊತ್ತಿಗೆ ಚೌಕ ಚೌಕ ಆಗಿ ನಿಂತುಬಿಡುತ್ತದೆ. ಒಳ್ಳೆ ಬ್ರ್ಯಾಂಡ್ ತಗೊಂಡರೆ ಸಾಕಾ?

ಉತ್ತರ: ಬ್ರ್ಯಾಂಡ್ ಒಂದೇ ಸಾಕಾಗಲ್ಲ. ಡಿಸ್ಕ್ ತಯಾರಿಸುವ ಫ್ಯಾಕ್ಟರಿಗಳು ಕೆಲವೇ. ಡಬ್ಬಿ ಮೇಲೆ ಹೆಸರು ಯಾರದ್ದೋ, ಒಳಗಿನ ಮಾಲು ಯಾರದ್ದೋ. ಖಾಲಿ ಡಿಸ್ಕ್ ಹಾಕಿ, ಕಂಪ್ಯೂಟರಿನಲ್ಲಿ ಇಮ್ಗ್‌ಬರ್ನ್ ಎಂಬ ಡಿಸ್ಕ್ ಬರೆಯುವ ತಂತ್ರಾಂಶ ತೆರೆಯಿರಿ, ಬಲಗಡೆ ತಯಾರಕರ ಕೋಡ್ ಕಾಣುತ್ತದೆ. ಅದೇ ವರ್ಬಟಿಮ್ ಹೆಸರಿನಲ್ಲಿ ಒಂದು ಡಬ್ಬಿಯಲ್ಲಿ ‘ಎಂಸಿಸಿ’ (ಮಿತ್ಸುಬಿಶಿ ಕೆಮಿಕಲ್‌ನ ಕೋಡ್) ಬರಬಹುದು, ಇನ್ನೊಂದರಲ್ಲಿ ‘ಸಿಎಂಸಿ ಮ್ಯಾಗ್’ (ತೈವಾನ್‌ನ ಸಿಎಂಸಿ ಮ್ಯಾಗ್ನೆಟಿಕ್ಸ್‌ನ ಕೋಡ್). ನಾನಾದರೆ ಎಂಸಿಸಿ ಇರುವುದನ್ನು ಆರಿಸುತ್ತೇನೆ. ಆದರೂ ಕೋಡ್ ನಕಲಿ ಹಾಕುವವರೂ ಇದ್ದಾರೆ, ಹಾಗಾಗಿ ಅದನ್ನೇ ಪೂರ್ತಿ ನಂಬಬೇಡಿ. ಎಲ್ಲರೂ ಹೊಗಳುತ್ತಿದ್ದ ಜಪಾನಿನ ತೈಯೊ ಯೂಡೆನ್ ಕಂಪನಿ 2015ಕ್ಕೇ ಈ ಕೆಲಸ ನಿಲ್ಲಿಸಿತು. ನಮ್ಮ ಮೋಸರ್ ಬೇರ್ ಕಂಪನಿಯೂ ಮುಚ್ಚಿತು. ಈಗ ಆ ಹೆಸರಿನಲ್ಲಿ ಸಿಗುವುದು ಹಳೇ ಸ್ಟಾಕ್.

ನಿಮ್ಮ ತೊಂದರೆಗೆ ಇನ್ನೊಂದು ಕಾರಣ ಇದೆ. ಡಿವಿಡಿಗೆ ಬರೆಯುವುದು ಒಳಗಿನಿಂದ ಹೊರಗಿನ ಅಂಚಿನ ಕಡೆಗೆ. ಅಗ್ಗದ ಡಿಸ್ಕ್‌ನಲ್ಲಿ ಮೊದಲು ಕೆಡುವುದೂ ಆ ಅಂಚೇ, ವಿಡಿಯೊ ಬರೆಯುವ ಬಣ್ಣದ ಪದರ ಅಲ್ಲಿ ಸಮವಾಗಿ ಕೂತಿರಲ್ಲ, ಎರಡು ಪ್ಲಾಸ್ಟಿಕ್ ಹಾಳೆ ಅಂಟಿಸಿರುವುದೂ ಅಲ್ಲೇ ಬಿಡುತ್ತದೆ. ಅದಕ್ಕೇ ನಿಮ್ಮ ವಿಡಿಯೊ ಕೊನೆಯಲ್ಲಿ ಕೈಕೊಡುವುದು. 4.7 ಜಿಬಿ ಅಂತ ಬರೆದಿದ್ದರೂ 4 ಜಿಬಿ ಒಳಗೇ ನಿಲ್ಲಿಸಿ. 16 ಎಕ್ಸ್ ವೇಗದ ಡಿಸ್ಕ್ ಅಂತ 16ರಲ್ಲೇ ಬರ್ನ್ ಮಾಡಬೇಡಿ, 8ರ ವೇಗ ಸಾಕು. ಬರೆದ ಮೇಲೆ ವೆರಿಫೈ (ಬರೆದದ್ದು ಸರಿಯಾಗಿದೆಯಾ ಎಂದು ಓದಿ ನೋಡುವುದು) ಮಾಡಲೇಬೇಕು, ಮದುವೆ ಸೀಸನ್‌ನಲ್ಲಿ ಪುರುಸೊತ್ತಿರಲ್ಲ ನಿಜ, ಆದರೂ ಮಾಡಿ. ಮೇಲೆ ಕಾಗದದ ಸ್ಟಿಕ್ಕರ್ ಬೇಡವೇ ಬೇಡ. ನಮ್ಮ ಬಿಸಿಲಿಗೆ ಅದು ಸುಕ್ಕಾಗಿ ಡಿಸ್ಕನ್ನೇ ಬಗ್ಗಿಸುತ್ತದೆ.

ಪ್ರಶ್ನೆ (ಚಿತ್ರದುರ್ಗ): ಮಧ್ಯೆ ಬರ್ತಿದೀನಿ, ಕ್ಷಮಿಸಿ ಸಾರ್. ನಮ್ಮ ತಂದೆಯವರು ಕೋಟೆಯ ಹಳೇ ಫೋಟೊಗಳನ್ನೆಲ್ಲ ಸಿಡಿಗೆ ಹಾಕಿಟ್ಟಿದ್ದಾರೆ. ಮೇಲೆ ಬಾಲ್‌ಪೆನ್ನಲ್ಲಿ ಊರು, ತಾರೀಖು ಬರೆದಿದ್ದಾರೆ. ಪರವಾಗಿಲ್ವಾ?

ಉತ್ತರ: ಅಯ್ಯೋ, ಇವತ್ತೇ ಕಾಪಿ ತೆಗೆಯಿರಿ ಮೇಡಂ. ಡಿವಿಡಿಯಲ್ಲಿ ಬರೆದ ಪದರ ಎರಡು ಪ್ಲಾಸ್ಟಿಕ್ ಮಧ್ಯೆ ಇರುತ್ತದೆ, ಸಿಡಿಯಲ್ಲಿ ಹಾಗಲ್ಲ. ಹೊಳೆಯುವ ಪದರದ ಮೇಲೆ ತೆಳು ವಾರ್ನಿಶ್ ಅಷ್ಟೇ. ಬಾಲ್‌ಪೆನ್ನಿನ ಮೊನೆ ಒತ್ತಿದರೆ ನೇರ ಅದಕ್ಕೇ ತಾಗುತ್ತದೆ. ಸಿಡಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡ ಕಡೆ ಆ ಪದರ ಹೋಗಿದೆ. ಓದಲು ಕಷ್ಟಪಟ್ಟರೆ ಇನ್ನೊಂದು ಡ್ರೈವ್‌ನಲ್ಲಿ ಹಾಕಿ ನೋಡಿ, ಒಂದು ಕೈಬಿಟ್ಟಿದ್ದನ್ನು ಇನ್ನೊಂದು ಓದುವುದುಂಟು.

ಪ್ರಶ್ನೆ (ದಾವಣಗೆರೆ): ತುಂಬಾ ವರ್ಷ ಬಾಳುತ್ತೆ ಅಂತಾರಲ್ಲ, ಆ ಎಂ-ಡಿಸ್ಕ್ ತಗೊಳ್ಳಬಹುದಾ ಸಾರ್?

ಉತ್ತರ: ಅದರಲ್ಲಿ ಬಿಸಿಲಿಗೆ ಮಂಕಾಗುವಂಥ ಬಣ್ಣ ಇಲ್ಲ, ಕಲ್ಲಿನಂಥ ಪದರ. ಸಾವಿರ ವರ್ಷ ಅನ್ನುವುದು ಕಂಪನಿ ಮಾತು, ಬಿಡಿ. ಬೆಲೆ ಜಾಸ್ತಿ, ಎಂ-ಡಿಸ್ಕ್ ಡಿವಿಡಿ ಬರೆಯಲು ಅದಕ್ಕೆ ಹೊಂದುವ ಡ್ರೈವ್ ಬೇಕು. ಗಿರಾಕಿಗೆ ಕೊಡುವ ಪ್ರತಿಗೆ ಅಷ್ಟೆಲ್ಲ ಬೇಡ. ನಿಮ್ಮ ಸ್ಟುಡಿಯೊದ ಮಾಸ್ಟರ್ ಪ್ರತಿಗೆ ಒಂದು ಹಾಕಿ, ಜೊತೆಗೆ ಹಾರ್ಡ್‌ಡಿಸ್ಕ್‌ನಲ್ಲೂ ಇರಲಿ.