9 ಸಾವಿರದ್ದೋ, 30 ಸಾವಿರದ್ದೋ?

ಪ್ರಸನ್ನನಿಗೆ ಹೊಸ ಮಾನಿಟರ್ ಬೇಕಿತ್ತು. ಮನೆಯಲ್ಲೇ ಕೂತು ಕನ್ನಡ ಪುಸ್ತಕಗಳ ಡಿಟಿಪಿ ಮಾಡುವವನು ಅವನು. ಒಬ್ಬನೇ ಹೋಗಿದ್ದರೆ ಅರ್ಧ ಗಂಟೆಯ ಕೆಲಸ. ನಮ್ಮನ್ನೂ ಕರೆದುಬಿಟ್ಟ. ಹಾಗಾಗಿ ಬೆಂಗಳೂರಿನ ಎಸ್‌.ಪಿ. ರೋಡ್ ಹತ್ತಿರದ ದರ್ಶಿನಿಯಲ್ಲಿ ಎರಡು ರೌಂಡ್ ಕಾಫಿ ಮುಗಿದರೂ ನಾವಿನ್ನೂ ಅಂಗಡಿ ಮೆಟ್ಟಿಲು ಹತ್ತಿರಲಿಲ್ಲ.

"9 ಸಾವಿರಕ್ಕೆ 24 ಇಂಚು ಸಿಗತ್ತೆ. ತಗೊಂಡು ಮನೆಗೆ ಹೋಗು," ಅಂದ ಸುರೇಶ. ಬಿಲ್ ಯಾರು ಕೊಡ್ತಾರೆ ಅಂತ ಖಾತ್ರಿಯಾದ ಮೇಲೇ ವಡೆ ಹೇಳುವ ಆಸಾಮಿ.

"ಲೋ, ದಿನವಿಡೀ ನೋಡೋ ಸಾಮಾನು ಕಣೋ ಅದು," ಕಾರ್ತಿಕ್ ಶುರು ಹಚ್ಚಿಕೊಂಡ. "ಫೋನಿಗೆ ಇಎಂಐ ಕಟ್ತೀರ, ಮಾನಿಟರ್ ಅಂದ್ರೆ ಮಾತ್ರ ಜಿಪುಣತನ. ಮಗಾ, 27 ಇಂಚಿನ ಫೋರ್‌ಕೆ ತಗೋ. 30 ಸಾವಿರ ಆದ್ರೆ ಆಗ್ಲಿ."

ಕಾರ್ತಿಕ್ ಪ್ರಕಾರ 30 ಸಾವಿರವೇ ಅಗ್ಗ. ಅವನ ದೇವರು ಆಪಲ್. 2022ರಲ್ಲಿ ಸ್ಟುಡಿಯೋ ಡಿಸ್‌ಪ್ಲೇ ಬಂದಾಗ ಇಲ್ಲಿ ಅದರ ಬೆಲೆ 1,59,900 ರೂಪಾಯಿಯಿಂದ ಶುರುವಾಗಿತ್ತು. ಅವನು ಕೊಂಡಿಲ್ಲ. ಸುಮ್ನೆ ಬೆಲೆ ಬಾಯಿಪಾಠ ಮಾಡಿದ್ದಾನೆ, ಅಷ್ಟೇ.

"ಆ ಸ್ಟ್ಯಾಂಡ್ ಕಥೆ ಹೇಳೋ," ಎಂದು ಕೆಣಕಿದೆ.

2019ರಲ್ಲಿ ಆಪಲ್ 4,999 ಡಾಲರಿನ ಪ್ರೊ ಡಿಸ್‌ಪ್ಲೇ ಎಕ್ಸ್‌ಡಿಆರ್ ತೋರಿಸಿತು. ಸ್ಟ್ಯಾಂಡ್ ಬೇರೆಯಾಗಿ ಕೊಳ್ಳಬೇಕು, 999 ಡಾಲರ್! ವೇದಿಕೆಯ ಮೇಲೆ ಆ ಬೆಲೆ ಹೇಳಿದಾಗ ಸಭೆಯಲ್ಲೇ ಗುಸುಗುಸು ಎದ್ದಿತ್ತು. ಆಗಿನ ಲೆಕ್ಕದಲ್ಲಿ ಸುಮಾರು 70 ಸಾವಿರ.

ಸುರೇಶ ಲೋಟ ಕೆಳಗಿಟ್ಟ. "ಆ ದುಡ್ಡಿಗೆ ನಮ್ಮೂರಲ್ಲಿ ಕರೆಯೋ ಎಮ್ಮೆ ಬರ್ತಿತ್ತು. ಮಾನಿಟರ್ ಅದರ ಬೆನ್ನ ಮೇಲೆ ಕೂರಿಸಬಹುದಿತ್ತು. ಹಾಲು ಬೇರೆ ಲಾಭ."

"ಎತ್ತರ ಅಡ್ಜಸ್ಟ್ ಆಗಲ್ಲ," ಅಂದ ಕಾರ್ತಿಕ್.

"ಮಲಗಿಸಿದ್ರೆ ಆಗತ್ತೆ."

ನಗು ಹಾಗಿರಲಿ, ಸ್ಟ್ಯಾಂಡ್ ವಿಷಯ ಸಣ್ಣದಲ್ಲ. ಅಗ್ಗದ ಮಾನಿಟರುಗಳ ಸ್ಟ್ಯಾಂಡ್ ಹೆಚ್ಚಾಗಿ ಹಿಂದೆ ಮುಂದೆ ಬಾಗುತ್ತದೆ, ಅಷ್ಟೇ. ಮೇಲೆ ಏಳುವುದಿಲ್ಲ. ಅದಕ್ಕೇ ಎಷ್ಟೋ ಮನೆಗಳಲ್ಲಿ ಮಾನಿಟರಿನ ಅಡಿಯಲ್ಲಿ ಎಸ್ಸೆಸ್ಸೆಲ್ಸಿ ಗೈಡುಗಳು ಇರುತ್ತವೆ. ಓದಿದ್ದಕ್ಕಿಂತ ಜಾಸ್ತಿ ಅಲ್ಲೇ ಉಪಯೋಗಕ್ಕೆ ಬಂದಿವೆ. ಹಿಂಬದಿಯಲ್ಲಿ ವೆಸಾ ಎಂಬ ಸಂಸ್ಥೆಯ ಅಳತೆಯ ಸ್ಕ್ರೂ ತೂತುಗಳಿದ್ದರೆ ಆಮೇಲೆ ಒಂದು ಆರ್ಮ್, ಅಂದರೆ ಮಾನಿಟರ್ ಹಿಡಿದು ನಿಲ್ಲಿಸುವ ತೋಳು, ಹಾಕಿಕೊಳ್ಳಬಹುದು. ಅಷ್ಟನ್ನು ನೋಡಿಯೇ ಕೊಳ್ಳಬೇಕು.

"ನಂಗೆ ಸ್ಟ್ಯಾಂಡ್ ಅಲ್ಲ ಕಣ್ರೋ, ಒತ್ತಕ್ಷರ ಕಾಣಬೇಕು," ಅಂದ ಪ್ರಸನ್ನ. ಅಷ್ಟು ಹೊತ್ತಿನಲ್ಲಿ ಅವನು ಆಡಿದ ಮೊದಲ ಮಾತು ಅದು.

ಅವನ ಕಷ್ಟ ನಿಜ. ಹತ್ತು ಪಾಯಿಂಟಿನಲ್ಲಿ "ಪದ್ಧತಿ" ಎಂದು ಟೈಪ್ ಮಾಡಿ ನೋಡಿ. ದ ಕೆಳಗೆ ಒತ್ತು, ಆ ಒತ್ತಿನ ಹೊಟ್ಟೆಯಲ್ಲಿ ಮಹಾಪ್ರಾಣದ ಪುಟ್ಟ ಸೀಳು. ಆ ಸೀಳಿಗೆ ಹಳೇ ಸ್ಕ್ರೀನಿನಲ್ಲಿ ಸಿಗುವುದು ಒಂದು ಪಿಕ್ಸೆಲ್, ಅಂದರೆ ಒಂದೇ ಒಂದು ಚುಕ್ಕಿ. ಕೆಲವು ಸಲ ಅದೂ ಇಲ್ಲ. "ಪದ್ದತಿ" ಹಾಗೇ ಅಚ್ಚಿಗೆ ಹೋಗುತ್ತದೆ. ಬೈಗುಳ ಪ್ರೂಫ್ ನೋಡಿದವರಿಗೆ. ಇಂಗ್ಲಿಷಿನವರಿಗೆ ಈ ತಾಪತ್ರಯ ಇಲ್ಲ, ಅವರ ಅಕ್ಷರಕ್ಕೆ ನೆಲಮಾಳಿಗೆಯೇ ಇಲ್ಲವಲ್ಲ!

ಇಲ್ಲಿ ನನ್ನ ಲೆಕ್ಕ ಬಿಚ್ಚಿದೆ. ಫುಲ್ ಎಚ್‌ಡಿ ಅಂದರೆ ಸುಮಾರು 20 ಲಕ್ಷ ಪಿಕ್ಸೆಲ್. ಸ್ಕ್ರೀನ್ 24 ಇಂಚಾದರೂ ಅಷ್ಟೇ, 27 ಆದರೂ ಅಷ್ಟೇ. 24ರಲ್ಲಿ ಇಂಚಿಗೆ 92 ಬೀಳುತ್ತವೆ, 27ರಲ್ಲಿ 82. ದೊಡ್ಡದು ಅಗ್ಗಕ್ಕೆ ಸಿಕ್ಕಿತು ಅಂತ 27 ಇಂಚಿನ ಫುಲ್ ಎಚ್‌ಡಿ ತಂದವನು ಅಕ್ಷರವನ್ನು ಊದಿಸಿಕೊಂಡ, ಅಷ್ಟೇ. ನನ್ನನ್ನು ಕೇಳಿದರೆ, ಕೊಳ್ಳಲೇಬಾರದ್ದು ಅದೊಂದೇ. ಅದೇ 27 ಇಂಚಿನಲ್ಲಿ ಕ್ಯುಎಚ್‌ಡಿ ಆದರೆ ಸುಮಾರು 37 ಲಕ್ಷ, ಇಂಚಿಗೆ 109. ಫೋರ್‌ಕೆ ಆದರೆ 83 ಲಕ್ಷ, ಇಂಚಿಗೆ 163. ಸುರೇಶನ ಎಕ್ಸೆಲ್‌ಗೆ 24 ಇಂಚು ಧಾರಾಳ ಸಾಕು. ಪ್ರಸನ್ನನ ಒತ್ತಿಗೆ ಸಾಲದು.

"ನೋಡಿದ್ಯಾ, ನಾನು ಹೇಳ್ಲಿಲ್ವಾ?" ಕಾರ್ತಿಕ್ ಹಿಗ್ಗಿದ.

ಅಂಗಡಿಯಲ್ಲಿ ಗೋಡೆ ತುಂಬಾ ಮಾನಿಟರು, ಎಲ್ಲದರಲ್ಲೂ ಅದೇ ಗಿಣಿ. ಬೆಲೆ ಎಷ್ಟೇ ಇರಲಿ, ಗಿಣಿ ಎಲ್ಲದರಲ್ಲೂ ಚೆನ್ನಾಗಿಯೇ ಕಾಣುತ್ತದೆ. ಸೇಲ್ಸ್ ಹುಡುಗ 11 ಸಾವಿರದ್ದೊಂದನ್ನು ತಟ್ಟಿ, "ಎಚ್‌ಡಿಆರ್ ಇದೆ ಸರ್," ಅಂದ. ಅಂದರೆ ಬೆಳಕು ನೆರಳು ಎದ್ದು ಕಾಣುವ ಚಿತ್ರ. ಪಕ್ಕದ ಚೀಟಿಯಲ್ಲಿ ಬ್ರೈಟ್‌ನೆಸ್ 250 ನಿಟ್ಸ್ ಅಂತ ಇತ್ತು, ಬೆಳಕಿನ ಅಳತೆ ಅದು. ಅದೇ ವೆಸಾದವರ ಎಚ್‌ಡಿಆರ್ ಸರ್ಟಿಫಿಕೇಟಿನ ಕೆಳಗಿನ ಮೆಟ್ಟಿಲೇ 400 ನಿಟ್ಸ್. ಸಿಗ್ನಲ್ ತಗೊಳ್ಳುತ್ತೆ, ಆದರೆ ತೋರಿಸೋಕೆ ಬೆಳಕಿಲ್ಲ.

"ಗಿಣಿ ಬೇಡಪ್ಪ, ನನ್ನ ಪುಟ ಹಾಕು," ಅಂತ ಪ್ರಸನ್ನ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದ. ಹುಡುಗ ಫೋರ್‌ಕೆ ಮಾನಿಟರಿಗೆ ಎಚ್‌ಡಿಎಂಐ ಕೇಬಲ್ ಚುಚ್ಚಿದ. "ಪದ್ಧತಿ" ಬಂತು. ಸೀಳು ಕೂದಲಿನಷ್ಟು ತೆಳ್ಳಗೆ, ಸ್ಪಷ್ಟವಾಗಿ ಕಂಡಿತು. ಪ್ರಸನ್ನನ ಮುಖ ಅರಳಿತು. ಮೌಸ್ ಅಲ್ಲಾಡಿಸಿದ. ಬಾಣದ ಗುರುತು ತಡವರಿಸುತ್ತಾ, ಕುಂಟುತ್ತಾ ಹೋಯಿತು.

"ಇದ್ಯಾಕೆ ಹಿಂಗೆ?"

ಲ್ಯಾಪ್‌ಟಾಪ್ ಹಳೇದು. ಅದರ ಎಚ್‌ಡಿಎಂಐ ಕೂಡ ಹಳೇ ತಲೆಮಾರಿನದು, 1.4. ಫೋರ್‌ಕೆ ಕೊಟ್ಟರೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಿಸುತ್ತದೆ.

"ಲ್ಯಾಪ್‌ಟಾಪ್ ಮೇಲಿನ ಫ್ಲೋರಲ್ಲಿದೆ ಸರ್," ಅಂದ ಹುಡುಗ, ತಕ್ಷಣ. ಕಾರ್ತಿಕ್ ಆಗಲೇ ಎರಡು ಮೆಟ್ಟಿಲು ಹತ್ತಿದ್ದ. ಸುರೇಶ ಪ್ರಸನ್ನನ ತೋಳು ಗಟ್ಟಿಯಾಗಿ ಹಿಡಿದುಕೊಂಡ.

ಕೊನೆಗೆ ಅದೇ ಕೇಬಲ್ಲನ್ನು 27 ಇಂಚಿನ ಕ್ಯುಎಚ್‌ಡಿಗೆ ಚುಚ್ಚಿಸಿದೆ. 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಸಲ. ಕುಂಟು ಹೋಯಿತು. ಸೀಳು ಫೋರ್‌ಕೆಯಷ್ಟು ಚೂಪಾಗಿ ಇಲ್ಲ, ಆದರೂ ಇದೆ. 17 ಸಾವಿರ.

"ಬಿಲ್ ಬೇಡ ಅಂದ್ರೆ ಸ್ವಲ್ಪ ಬಿಡ್ತೀನಿ ಸರ್."

ಸುರೇಶನ ಕಣ್ಣು ಮಿನುಗಿತು. "ಬಿಲ್ ಇಲ್ದೆ ನಾಳೆ ವಾರಂಟಿ ಯಾರನ್ನ ಕೇಳ್ಲಿ?" ಅಂತ ಪ್ರಸನ್ನ ಫೋನಿನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಹಾಕಿಬಿಟ್ಟ. ಸುರೇಶ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಹುಡುಗನ ಕಡೆ ತಿರುಗಿ, "ಮೌಸ್ ಪ್ಯಾಡ್ ಆದ್ರೂ ಕೊಡಪ್ಪ," ಅಂದ. ಕೊಟ್ಟ. ಅದರ ಮೇಲೂ ಗಿಣಿ ಇತ್ತು.