ಬೂಸ್ಟರ್ ಸರಿಯಾಗಿ ಹಾರಿತು, ಸಸ್ಟೈನರ್ ಹೊತ್ತಲೇ ಇಲ್ಲ – ಇಗ್ನೈಟರ್ ಮಾತ್ರ ಸುಟ್ಟಿದೆ

ಗಗನಚುಕ್ಕಿ:
ಎರಡು ಹಂತದ ಫೈಬರ್‌ಗ್ಲಾಸ್ ಹವ್ಯಾಸಿ ರಾಕೆಟ್ ಕಿಟ್. ಕೆಳಗೆ 75 ಮಿ.ಮೀ. ಬೂಸ್ಟರ್ (ಮೊದಲು ಉರಿಯುವ ಹಂತ), ಅದರಲ್ಲಿ 54 ಮಿ.ಮೀ. ಕೆ ಮೋಟಾರು (ಅಕ್ಷರ ಮೋಟಾರಿನ ಸಾಮರ್ಥ್ಯದ ವರ್ಗ). ಮೇಲೆ 54 ಮಿ.ಮೀ. ಸಸ್ಟೈನರ್ (ಆಮೇಲೆ ಹೊತ್ತಬೇಕಾದ ಹಂತ), ಅದರಲ್ಲಿ 38 ಮಿ.ಮೀ. ಐ ಮೋಟಾರು. ಜಾಗ ಟೆಕ್ಸಸ್, ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ವೇವರ್ ಅಂದರೆ ವಿಶೇಷ ಅನುಮತಿ ಇರುವ ಕ್ಲಬ್ ಮೈದಾನ, ನನಗೆ ಲೆವೆಲ್ 2 ಪ್ರಮಾಣಪತ್ರ ಇದೆ. ಸಸ್ಟೈನರ್ ಹೊತ್ತಿಸುವ ಆಲ್ಟಿಮೀಟರ್ (ಎತ್ತರ ಅಳೆದು, ಮೋಟಾರು ಹೊತ್ತಿಸುವ ಇಗ್ನೈಟರಿಗೆ ವಿದ್ಯುತ್ ಕೊಡುವ ಬೋರ್ಡ್) ಎರಡು ಹಂತಗಳನ್ನು ಜೋಡಿಸುವ ಕಪ್ಲರ್‌ನಲ್ಲಿದೆ. ಬೂಸ್ಟರ್ ಉರಿದು ಮುಗಿದ 1 ಸೆಕೆಂಡಿಗೆ ಫೈರ್ ಅಂತ ಸೆಟ್ ಮಾಡಿದ್ದೆ. ಲಾಗ್ ಪ್ರಕಾರ ಸರಿಯಾದ ಹೊತ್ತಿಗೇ ಫೈರ್ ಆಗಿದೆ. ಆದರೆ ಸಸ್ಟೈನರ್ ಹಾಗೇ ತೇಲಿ ಹೋಗಿ ಪ್ಯಾರಾಶೂಟಿನಲ್ಲಿ ಇಳಿಯಿತು. ಬ್ಯಾಟರಿ ಸಾಲಲಿಲ್ಲವೇ? ಇನ್ನೂ ಜೋರಾದ ಇಗ್ನೈಟರ್ ಬೇಕೇ?

ನೈಲಾನ್‌ಪಿನ್:
ಬ್ಯಾಟರಿ ಆಮೇಲೆ ನೋಡೋಣ. ಸುಟ್ಟ ಇಗ್ನೈಟರ್ ಸಿಕ್ಕಿದ್ದು ಎಲ್ಲಿ? ಮೋಟಾರಿನೊಳಗೋ, ಬೂಸ್ಟರ್ ಕಡೆಯೋ? ಕೇಸ್ ಬಿಚ್ಚಿ ಗ್ರೇನ್ (ಒಳಗಿನ ಇಂಧನದ ತುಂಡು) ನೋಡಿದಿರಾ?

ಗಗನಚುಕ್ಕಿ:
ಬೂಸ್ಟರ್ ಕಡೆ ಸರ್. ಕಪ್ಲರ್‌ನಿಂದ ವೈರ್ ಸಮೇತ ನೇತಾಡುತ್ತಿತ್ತು. ಕಪ್ಲರ್ ಮೇಲ್ತುದಿ ಮುಚ್ಚುವ ಬಲ್ಕ್‌ಹೆಡ್ ಮೇಲೆ ಕಪ್ಪು ಕಲೆ ಇದೆ. ಗ್ರೇನ್ ಮೇಲೆ ಒಂದು ಚುಕ್ಕೆ ಮಸಿಯೂ ಇಲ್ಲ.

ನೈಲಾನ್‌ಪಿನ್:
ಹಾಗಾದರೆ ಉತ್ತರ ಸಿಕ್ಕಿತು. ಬ್ಯಾಟರಿಯದ್ದೂ ಅಲ್ಲ, ಇಗ್ನೈಟರಿನದ್ದೂ ಅಲ್ಲ. ಫೈರ್ ಆಗುವ ಮೊದಲೇ ಇಗ್ನೈಟರ್ ನಾಜಲ್‌ನಿಂದ (ಮೋಟಾರಿನ ಕೆಳಬಾಯಿ) ಹೊರಗೆ ಬಂದಿತ್ತು.

ಬೂಸ್ಟರ್ ಉರಿದು ಮುಗಿದ ಕೂಡಲೇ ಒತ್ತುವ ಬಲ ನಿಲ್ಲುತ್ತದೆ. ದಪ್ಪ ಕೊಳವೆ, ದೊಡ್ಡ ರೆಕ್ಕೆ, ಖಾಲಿಯಾಗಿ ಹಗುರಾದ ಮೋಟಾರು, ಹೀಗಿರುವ ಬೂಸ್ಟರನ್ನು ಗಾಳಿ ಜೋರಾಗಿ ಹಿಂದಕ್ಕೆ ಎಳೆಯುತ್ತದೆ. ಸಸ್ಟೈನರ್ ತೆಳ್ಳಗೆ, ಒಳಗೆ ತುಂಬಿದ ಮೋಟಾರು, ಅದು ಮುಂದೆ ಓಡುತ್ತದೆ. ಎರಡರ ವೇಗ ಕುಗ್ಗುವ ದರದ ವ್ಯತ್ಯಾಸ 20 ಮೀ/ಸೆ² ಅಂತಿಟ್ಟುಕೊಂಡರೂ ಅರ್ಧ ಸೆಕೆಂಡಿಗೆ 2.5 ಮೀಟರ್ ಅಂತರ, 1 ಸೆಕೆಂಡಿಗೆ 10 ಮೀಟರ್. ನಿಮ್ಮ ವೈರ್ ಬೂಸ್ಟರಿಗೆ ಕಟ್ಟಿದ್ದು, ಅದು ಇಗ್ನೈಟರನ್ನು ಎಳೆದುಕೊಂಡೇ ಹೋಯಿತು. ಆಮೇಲೆ ಹೊತ್ತಿ ಬಲ್ಕ್‌ಹೆಡ್ ಸುಟ್ಟಿತು. ವೈರ್ ತುಂಡಾಗಿದ್ದರೆ ಇಗ್ನೈಟರ್ ಸುಡದೆ ಉಳಿಯುತ್ತಿತ್ತು.

ಕಾರ್ಬನ್‌ಕೊಳವೆ:
ಕಪ್ಲರ್‌ಗೆ ಟೇಪ್ ಸುತ್ತಿ ಬಿಗಿ ಮಾಡಿದರೆ ಆಗದೇ? ಸಸ್ಟೈನರ್ ಹೊತ್ತಿದಾಗ ಅದರ ಹೊಗೆಯೇ ಬೂಸ್ಟರನ್ನು ತಳ್ಳುತ್ತದಲ್ಲ.

ನೈಲಾನ್‌ಪಿನ್:
ಹಾಗೆ ಹಾರಿಸುವವರಿದ್ದಾರೆ, ನಾನು ಹೇಳುವುದಿಲ್ಲ. ಬಿಗಿ ಎಷ್ಟಿರಬೇಕು ಅನ್ನೋದು ಬಿಸಿಲು, ತೇವಕ್ಕೆ ತಕ್ಕಂತೆ ಬದಲಾಗುತ್ತದೆ. ಸ್ವಲ್ಪ ಸಡಿಲವಾದರೆ ಇದೇ ಕಥೆ, ತೀರಾ ಬಿಗಿಯಾದರೆ ಬೂಸ್ಟರನ್ನೂ ಹೊತ್ತುಕೊಂಡು ಸಸ್ಟೈನರ್ ಹಾರುತ್ತದೆ. ಆಲ್ಟಿಮೀಟರನ್ನು ಸಸ್ಟೈನರ್‌ಗೇ ಹಾಕಿ. ಬೂಸ್ಟರ್ ಯಾವಾಗ ಬೇಕಾದರೂ ಕಳಚಿಕೊಳ್ಳಲಿ.

ನಿಮ್ಮ ಕಿಟ್‌ನಲ್ಲಿ 38ರ ಮೋಟಾರ್ ಮೌಂಟ್ (ಮೋಟಾರು ಕೂರುವ ಒಳಕೊಳವೆ) ಸುತ್ತ 6 ಮಿ.ಮೀ. ಆಸುಪಾಸು ಜಾಗ ಇದೆ. ಅದನ್ನು ನಡುವೆ ಹಿಡಿಯುವ ಸೆಂಟರಿಂಗ್ ರಿಂಗ್‌ಗಳಲ್ಲಿ ಒಂದೇ ನೇರಕ್ಕೆ ಸಣ್ಣ ತೂತು ಹೊಡೆದು, ತೆಳು ಕೊಳವೆ ಇಟ್ಟು ಎಪಾಕ್ಸಿ ಹಾಕಿ. ಒಳಗೆ 22 ಗೇಜಿನ ಎಳೆ ವೈರ್ ಎರಡನ್ನು ಹೊಸೆದು ಬಿಡಿ. ತುದಿ ರಿಟೇನರಿನ (ಮೋಟಾರು ಜಾರದಂತೆ ಹಿಡಿಯುವ ಬಳೆ) ಹೊರಗೆ ಬರಲಿ. ಅಲ್ಲಿಯ 5 ಸೆಂ.ಮೀ. ಪ್ರತಿ ಸಲ ಸುಡುತ್ತದೆ, ಹೊಸದು ಬೆಸೆದುಕೊಳ್ಳಿ.

ಎಲ್ಲರೂ ಎಡವುವುದು ಇಲ್ಲಿ: ಅಪೋಜಿಯಲ್ಲಿ (ಹಾರಾಟದ ತುತ್ತತುದಿ) ಆಲ್ಟಿಮೀಟರ್ ಬೇ (ಬೋರ್ಡ್ ಇಡುವ ಖಾನೆ) ಮತ್ತು ರೆಕ್ಕೆಯ ಭಾಗ ಬೇರೆಯಾಗುತ್ತವೆ, ಈ ವೈರ್ ಎರಡಕ್ಕೂ ನಡುವೆ ಹಾದುಹೋಗಿರುತ್ತದೆ. ಕೈಯಲ್ಲಿ ಎಳೆದರೆ ಸುಲಭವಾಗಿ ಬಿಡುವ ಎರಡು ಪಿನ್ನಿನ ಕನೆಕ್ಟರ್ ಹಾಕಿ. ಆದರೆ ಏರುವಾಗ 10 ಜಿ (ಗುರುತ್ವದ ಹತ್ತು ಪಟ್ಟು) ಬಿದ್ದರೆ ವೈರಿನ ತೂಕಕ್ಕೇ ಅದು ಕಳಚಬಾರದು, ಆದ್ದರಿಂದ ಕನೆಕ್ಟರಿನ ಎರಡೂ ಕಡೆ ವೈರನ್ನು ಟೇಪ್ ಮಾಡಿ. ಡ್ರೋಗ್ (ಮೊದಲು ಬಿಚ್ಚುವ ಚಿಕ್ಕ ಪ್ಯಾರಾಶೂಟ್) ಹಗ್ಗಕ್ಕೆ ಸುತ್ತಿಕೊಳ್ಳದಂತೆ ಗೋಡೆಗೆ ಅಂಟಿಸಿ. ಇದು ಬೇಡವೆಂದರೆ ಮೋಟಾರಿನ ತಲೆಯ ಮೇಲೆಯೇ ಚಿಕ್ಕ ಬೇ ಮಾಡಿ ಅದರಲ್ಲಿ ಸ್ಟೇಜಿಂಗ್ ಬೋರ್ಡ್ (ಸಸ್ಟೈನರ್ ಹೊತ್ತಿಸುವ ಬೋರ್ಡ್) ಇಡಬಹುದು.

ಕಾರ್ಬನ್‌ಕೊಳವೆ:
ಒಪ್ಪಿದೆ. ಇನ್ನೊಂದು, ಅದೇ 10 ಜಿ ಇಗ್ನೈಟರನ್ನೂ ಕೆಳಗೆ ಜಾರಿಸುತ್ತದೆ. ಅದು ಮೇಲಿನ ಗ್ರೇನಿನ ತುದಿಯಲ್ಲೇ ಇರಬೇಕು. 3 ಮಿ.ಮೀ. ಮರದ ಕಡ್ಡಿಗೆ ಟೇಪಿನಿಂದ ಕಟ್ಟಿ ತುದಿಯವರೆಗೆ ತಳ್ಳಿ, ನಾಜಲ್ ಮುಚ್ಚಳ ಹಾಕಿ ಮೂಲೆಯಲ್ಲಿ ಸಣ್ಣ ಕಿಂಡಿ ಕತ್ತರಿಸಿ. ಮುಚ್ಚಳ ಇಲ್ಲದಿದ್ದರೆ ಬಿಸಿ ಅನಿಲ ಹೊರಗೆ ಓಡುತ್ತದೆ, ಒತ್ತಡ ನಿಲ್ಲುವುದಿಲ್ಲ. ಪ್ರೊಪೆಲ್ಲಂಟ್ (ಮೋಟಾರಿನ ಇಂಧನ) ಬ್ಲೂ ಥಂಡರ್ ತರಹದ್ದು, ಬೇಗ ಹೊತ್ತುವಂಥದ್ದು ಇರಲಿ.

ಗಗನಚುಕ್ಕಿ:
ಸರಿ, ಅರ್ಥವಾಯಿತು. ಬೋರ್ಡ್ ಮೇಲಕ್ಕೆ ಹೋದರೆ ಸೆಟಿಂಗ್ ಏನು ಬದಲಿಸಬೇಕು?

ನೈಲಾನ್‌ಪಿನ್:
ಟೈಮರ್ ಒಂದನ್ನೇ ನಂಬಬೇಡಿ. ಓರೆಯಾಗಿ ಹೋಗುತ್ತಿರುವ ರಾಕೆಟ್‌ಗೂ ಟೈಮರ್ ಬೆಂಕಿ ಹಚ್ಚುತ್ತದೆ, ಆಗ ಅದು ಅಡ್ಡಡ್ಡ ಮೈಲಿಗಟ್ಟಲೆ ಓಡುತ್ತದೆ. ಎರಡು ತಡೆ ಹಾಕಿ. ಒಂದು ಎತ್ತರ: ಓಪನ್‌ರಾಕೆಟ್ ಸಿಮ್ಯುಲೇಷನ್ ತಂತ್ರಾಂಶದಲ್ಲಿ ಆ ಕ್ಷಣಕ್ಕೆ ಬರುವ ಎತ್ತರದ ಮುಕ್ಕಾಲು ಭಾಗವಾದರೂ ಮುಟ್ಟಿರಬೇಕು, ಇಲ್ಲದಿದ್ದರೆ ಫೈರ್ ಬೇಡ. ಎರಡು ಓರೆ: ನೆಟ್ಟಗಿನಿಂದ 20 ಡಿಗ್ರಿ ದಾಟಿದ್ದರೆ ಫೈರ್ ಬೇಡ. ಇದಕ್ಕೆ ಓರೆ ಅಳೆಯುವ ಜೈರೋ ಇರುವ ಬೋರ್ಡ್ ಬೇಕು, ಟೆಲಿಮೆಗಾ ಅಂಥದ್ದು. ಇಗ್ನೈಟರ್ ಹೊತ್ತಿದ ಮೇಲೆ ಮೋಟಾರು ಒತ್ತಡಕ್ಕೆ ಬರಲು ಅರ್ಧ ಸೆಕೆಂಡೋ ಒಂದು ಸೆಕೆಂಡೋ ಹಿಡಿಯುತ್ತದೆ, ಸಿಮ್ಯುಲೇಷನ್‌ನಲ್ಲಿ ಅದನ್ನೂ ಸೇರಿಸಿ.

ಸಸ್ಟೈನರ್ ಒಂಟಿಯಾಗಿಯೂ ಸ್ಥಿರವಾಗಿರಬೇಕು. ಹೊಸ ವೈರು, ಬೋರ್ಡು ಹಾಕಿ ತೂಗಿ, ತುಂಬಿದ ಮೋಟಾರಿನೊಂದಿಗೆ ಗುರುತ್ವ ಕೇಂದ್ರ ಅಳೆಯಿರಿ. ಅದು ಗಾಳಿಯ ಒತ್ತಡ ಕೇಂದ್ರಕ್ಕಿಂತ ಒಂದೂವರೆ ಕ್ಯಾಲಿಬರ್ (ಕೊಳವೆಯ ವ್ಯಾಸದ ಒಂದೂವರೆ ಪಟ್ಟು) ಮುಂದೆ ಇಲ್ಲದಿದ್ದರೆ ಮೂತಿಗೆ ತೂಕ ಹಾಕಿ. ಮೋಟಾರು ಹೊತ್ತದೆ ಇಳಿಯುವಾಗಲೂ ಆ ಭಾರವೇ ಇರುತ್ತದೆ, ಪ್ಯಾರಾಶೂಟ್ ಅದಕ್ಕೆ ತಕ್ಕದ್ದೇ ಆರಿಸಿ.

ಕಾರ್ಬನ್‌ಕೊಳವೆ:
ಪ್ಯಾಡ್‌ನಲ್ಲಿ: ರಾಕೆಟ್ ನೆಟ್ಟಗೆ ನಿಂತ ಮೇಲೆ ಮಾತ್ರ ಸ್ವಿಚ್. ಮೊದಲು ಪ್ಯಾರಾಶೂಟ್ ಆಲ್ಟಿಮೀಟರ್, ಬೀಪ್ ಕೇಳಿ, ಆಮೇಲೆ ಸ್ಟೇಜಿಂಗ್ ಬೋರ್ಡ್, ಕೊನೆಗೆ ಬೂಸ್ಟರ್ ಇಗ್ನೈಟರ್. ಎರಡು ಮೋಟಾರು ಸೇರಿ ಕೆ ವರ್ಗದೊಳಗೇ ಇದ್ದರೆ, ಎನ್‌ಎಆರ್ (ಅಮೆರಿಕದ ಹವ್ಯಾಸಿ ರಾಕೆಟ್ ಸಂಘ) ಸುರಕ್ಷತಾ ಪಟ್ಟಿಯಲ್ಲಿ ಬಹು ಹಂತದ ರಾಕೆಟ್‌ನಿಂದ ಜನ ನಿಲ್ಲಬೇಕಾದ ದೂರ ಕನಿಷ್ಠ 300 ಅಡಿ. ಹೊತ್ತದೆ ಇಳಿದ ಸಸ್ಟೈನರ್ ಹತ್ತಿರ ಹೋದಾಗ ಪಕ್ಕದಿಂದ ಹೋಗಿ ಮೊದಲು ಸ್ಟೇಜಿಂಗ್ ಸ್ವಿಚ್ ಆಫ್ ಮಾಡಿ. ಫೋಟೊ ಆಮೇಲೆ.